ಕೋಲ್ಕತ್ತಾದಲ್ಲಿ ನಾಲ್ಕು ದಿನ: ಮ್ಯೂಸಿಯಂ, ಊಟ-ತಿಂಡಿ, ಸುತ್ತಾಟಕ್ಕೆ ಸಮಗ್ರ ಮಾರ್ಗದರ್ಶಿ

ಕೋಲ್ಕತ್ತಾಗೆ ಹೊರಟವರ ಹತ್ತಿರ ನೋಡಬೇಕಾದ ಜಾಗಗಳ ಪಟ್ಟಿ ಚೆನ್ನಾಗಿಯೇ ಇರುತ್ತದೆ. ಎಡವಟ್ಟಾಗುವುದು ವಾರದ ವಿಷಯದಲ್ಲಿ. ಸೋಮವಾರ ಬೆಳಿಗ್ಗೆ ಇಂಡಿಯನ್ ಮ್ಯೂಸಿಯಂಗೆ ಹೋದರೆ ಗೇಟು ಹಾಕಿರುತ್ತದೆ. ಸರಿ, ವಿಕ್ಟೋರಿಯಾ ಮೆಮೋರಿಯಲ್ ನೋಡೋಣ ಎಂದು ಆ ಕಡೆ ತಿರುಗಿದರೆ ತೋಟ ಮಾತ್ರ ತೆರೆದಿರುತ್ತದೆ, ಒಳಗಿನ ಗ್ಯಾಲರಿಗೆ ರಜಾ. ರವೀಂದ್ರನಾಥ ಠಾಕೂರರ ಮನೆಗೂ ರಜಾ, ನೇತಾಜಿ ಮನೆಗೂ ರಜಾ. ಹಿಂದಿನ ದಿನ ಭಾನುವಾರ ಪುಸ್ತಕ ಕೊಳ್ಳಲು ಕಾಲೇಜ್ ಸ್ಟ್ರೀಟ್‌ಗೆ ಹೋಗಿದ್ದರೆ ಅಲ್ಲೂ ಬಹುಪಾಲು ಅಂಗಡಿಗಳ ಬಾಗಿಲು ಎಳೆದಿರುತ್ತದೆ. ಇರುವ ನಾಲ್ಕು ದಿನದಲ್ಲಿ ಎರಡು ಹೀಗೆ ಹೋದರೆ ಇನ್ನೇನು ಉಳಿಯಿತು?

ಆದ್ದರಿಂದ ಮೊದಲು ವಾರ ಹೊಂದಿಸಿಕೊಳ್ಳಿ, ಜಾಗ ಆಮೇಲೆ. ಇಲ್ಲಿ ಶುಕ್ರವಾರದಿಂದ ಸೋಮವಾರದವರೆಗೆ ಎಂದು ಇಟ್ಟುಕೊಂಡಿದ್ದೇನೆ. ಕೆಲಸಕ್ಕೆ ಹೋಗುವವರು ಜಾಸ್ತಿ ರಜಾ ಹಾಕದೆ ಹೋಗಿಬರುವುದು ಹೀಗೆ ಅಲ್ವಾ. ಬೇರೆ ದಿನ ಹೋಗುವವರು ಅದಲು ಬದಲು ಮಾಡಿಕೊಳ್ಳಿ. ನಿಯಮ ಎರಡೇ: ಸೋಮವಾರಕ್ಕೆ ನದಿ ಮತ್ತು ದೇವಸ್ಥಾನ, ದಿನಕ್ಕೆ ಒಂದೇ ದೊಡ್ಡ ಮ್ಯೂಸಿಯಂ.

ಹಂತ 1: ಕಾಲ ನೋಡಿ, ವಾರ ನೋಡಿ

ಹೋಗಲು ಒಳ್ಳೆಯ ಕಾಲ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಹತ್ತು ಹೆಜ್ಜೆ ನಡೆದರೆ ಅಂಗಿ ಮೈಗೆ ಅಂಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ ಬಂದರೆ ಹಳೆಯ ಬೀದಿಗಳಲ್ಲಿ ಮೊಣಕಾಲುದ್ದ ನೀರು ನಿಲ್ಲುವುದುಂಟು.

ನಮ್ಮ ಕಡೆಯವರು ಮರೆಯುವ ಒಂದು ಸಂಗತಿ ಇದೆ. ಕೋಲ್ಕತ್ತಾ ತುಂಬಾ ಪೂರ್ವಕ್ಕಿದೆ, ಗಡಿಯಾರ ಮಾತ್ರ ಇಡೀ ದೇಶಕ್ಕೆ ಒಂದೇ. ಡಿಸೆಂಬರ್‌ನಲ್ಲಿ ಸಂಜೆ 5ಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಸಂಜೆ ಆರರ ಬೆಳಕಿನಲ್ಲಿ ಫೋಟೋ ತೆಗೆಯೋಣ ಎಂದುಕೊಂಡರೆ ಕತ್ತಲೆಯೇ ಸಿಗುತ್ತದೆ. ಬೆಳಿಗ್ಗೆ ಮಾತ್ರ ಬೇಗ ಬೆಳಕಾಗುತ್ತದೆ. ಹಾಗಾಗಿ ಏಳು ಗಂಟೆಗೆ ಹೋಟೆಲ್ ಬಿಡುವ ಅಭ್ಯಾಸ ಮಾಡಿಕೊಳ್ಳಿ, ಮಧ್ಯಾಹ್ನ ಬೇಕಾದರೆ ಒಂದು ಗಂಟೆ ಅಡ್ಡಾಗಿ.

ದುರ್ಗಾಪೂಜೆ ಬರುವುದು ನಮ್ಮ ದಸರಾ ದಿನಗಳಲ್ಲೇ. 2021ರಲ್ಲಿ ಯುನೆಸ್ಕೋ ಈ ಹಬ್ಬವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಪೆಂಡಾಲ್‌ಗಳನ್ನು ನೋಡುವ ಆಸೆ ಇದ್ದರೆ ಆಗಲೇ ಹೋಗಿ, ಆದರೆ ಅದು ಬೇರೆಯೇ ಪ್ರವಾಸ. ಇಡೀ ಊರು ರಾತ್ರಿಯಿಡೀ ಬೀದಿಯಲ್ಲಿರುತ್ತದೆ, ರೂಮಿನ ಬಾಡಿಗೆ ಏರಿರುತ್ತದೆ, ಮ್ಯೂಸಿಯಂಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಸೋಮವಾರ ಬಿಟ್ಟರೆ ನೆನಪಿಡಬೇಕಾದ ರಜಾ ಗುರುವಾರದ್ದು. ಮದರ್ ತೆರೇಸಾ ಸಮಾಧಿ ಇರುವ ಮದರ್ ಹೌಸ್ ಗುರುವಾರ ಮುಚ್ಚಿರುತ್ತದೆ. ಉತ್ತರ ಕೋಲ್ಕತ್ತಾದ ಮಾರ್ಬಲ್ ಪ್ಯಾಲೇಸ್‌ಗೆ ಸೋಮವಾರವೂ ಗುರುವಾರವೂ ರಜಾ. ಪ್ರವೇಶದ ಸಮಯ ಮತ್ತು ಟಿಕೆಟ್ ದರ ಆಗಾಗ ಬದಲಾಗುತ್ತವೆ, ಹೊರಡುವ ಮೊದಲು ಆಯಾ ಮ್ಯೂಸಿಯಂನ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಆನ್‌ಲೈನ್ ಟಿಕೆಟ್ ಇದ್ದರೆ ಅಲ್ಲೇ ತೆಗೆದುಬಿಡಿ, ಚಳಿಗಾಲದ ವಾರಾಂತ್ಯದಲ್ಲಿ ಕೌಂಟರ್ ಸಾಲು ಉದ್ದವಿರುತ್ತದೆ.

ಹಂತ 2: ನೀಲಿ ಲೈನ್ ಹತ್ತಿರ ರೂಮು ಹಿಡಿಯಿರಿ

ಭಾರತದ ಮೊದಲ ಮೆಟ್ರೋ ಓಡಿದ್ದು ಇಲ್ಲಿ, 1984ರ ಅಕ್ಟೋಬರ್‌ನಲ್ಲಿ. ಆ ಹಳೆಯ ಉತ್ತರ-ದಕ್ಷಿಣ ಮಾರ್ಗವೇ ಈಗಿನ ನೀಲಿ ಲೈನ್. ಪ್ರವಾಸಿಗೆ ಇದಕ್ಕಿಂತ ಅನುಕೂಲದ ಲೈನ್ ಬೇರೆ ಊರಲ್ಲಿ ಸಿಗುವುದು ಕಷ್ಟ. ಉತ್ತರದಿಂದ ಇಳಿಯುತ್ತಾ ಬನ್ನಿ: ದಕ್ಷಿಣೇಶ್ವರದಲ್ಲಿ ಕಾಳಿ ದೇವಸ್ಥಾನ, ಶೋಭಾಬಜಾರ್ ಸುತಾನುಟಿಯಲ್ಲಿ ಮೂರ್ತಿ ಮಾಡುವವರ ಕುಮೋರ್‌ಟುಲಿ, ಗಿರೀಶ್ ಪಾರ್ಕ್‌ನಲ್ಲಿ ಠಾಕೂರರ ಮನೆ, ಮಹಾತ್ಮ ಗಾಂಧಿ ರೋಡ್ ಅಥವಾ ಸೆಂಟ್ರಲ್‌ನಲ್ಲಿ ಇಳಿದರೆ ಕಾಲೇಜ್ ಸ್ಟ್ರೀಟ್, ಎಸ್‌ಪ್ಲನೇಡ್‌ನಲ್ಲಿ ನ್ಯೂ ಮಾರ್ಕೆಟ್, ಪಾರ್ಕ್ ಸ್ಟ್ರೀಟ್‌ನಲ್ಲಿ ಇಂಡಿಯನ್ ಮ್ಯೂಸಿಯಂ, ರವೀಂದ್ರ ಸದನ್‌ನಲ್ಲಿ ವಿಕ್ಟೋರಿಯಾ ಮೆಮೋರಿಯಲ್, ಮುಂದಿನ ನಿಲ್ದಾಣ ನೇತಾಜಿ ಭವನ್, ಆಮೇಲೆ ಕಾಳಿಘಾಟ್. ನಾಲ್ಕು ದಿನದ ಪ್ರವಾಸದ ಬಹುಪಾಲು ಈ ಒಂದು ಗೆರೆಯ ಮೇಲೇ ಇದೆ.

ಎಸ್‌ಪ್ಲನೇಡ್‌ನಲ್ಲಿ ಹಸಿರು ಲೈನ್ ಅಡ್ಡ ಹಾಯುತ್ತದೆ. ಅದು ಹೂಗ್ಲಿ ನದಿಯ ಕೆಳಗಿನ ಸುರಂಗದಲ್ಲಿ ಹೌರಾ ಕಡೆಗೆ ಹೋಗುತ್ತದೆ. ನದಿ ಕೆಳಗಿನ ಈ ಭಾಗ ಶುರುವಾಗಿದ್ದು 2024ರ ಮಾರ್ಚ್‌ನಲ್ಲಿ. ನದಿ ದಾಟಲು ಒಂದು ನಿಮಿಷವೂ ಬೇಡ. ನೀರು, ಮೀನು ಕಾಣುತ್ತದೆ ಎಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ, ಕಾಣುವುದು ಸುರಂಗದ ಗೋಡೆಯ ನೀಲಿ ದೀಪ ಅಷ್ಟೇ. 2025ರ ಆಗಸ್ಟ್‌ನಿಂದ ವಿಮಾನ ನಿಲ್ದಾಣಕ್ಕೂ ಮೆಟ್ರೋ ಬಂದಿದೆ. ಅಲ್ಲಿಂದ ಹಳದಿ ಲೈನ್‌ನಲ್ಲಿ ನೋವಾಪಾಡಾಗೆ ಬಂದು ನೀಲಿ ಲೈನ್‌ಗೆ ಬದಲಾಯಿಸಿದರೆ ಆಯಿತು. ಸ್ಮಾರ್ಟ್ ಕಾರ್ಡ್ ಒಂದು ತೆಗೆದುಕೊಳ್ಳಿ. ಭಾನುವಾರ ಮೊದಲ ರೈಲು ಉಳಿದ ದಿನಕ್ಕಿಂತ ತಡ, ಇದು ನೆನಪಿರಲಿ.

ರೂಮು ಎಸ್‌ಪ್ಲನೇಡ್‌ನಿಂದ ರವೀಂದ್ರ ಸದನ್ ನಡುವೆ ಎಲ್ಲಾದರೂ ಇರಲಿ. ಕಡಿಮೆ ಬಾಡಿಗೆ ಬೇಕಾದರೆ ಇಂಡಿಯನ್ ಮ್ಯೂಸಿಯಂ ಪಕ್ಕದ ಸಡ್ಡರ್ ಸ್ಟ್ರೀಟ್ ಹಳೆಯ ಠಿಕಾಣಿ. ಅಲ್ಲಿ ರೂಮು ಕಣ್ಣಾರೆ ನೋಡಿ ದುಡ್ಡು ಕೊಡಿ. ವಿಮಾನ ನಿಲ್ದಾಣದ ಹತ್ತಿರವೋ ನ್ಯೂಟೌನ್‌ನಲ್ಲೋ ದೊಡ್ಡ ಹೋಟೆಲ್ ಅಗ್ಗಕ್ಕೆ ಸಿಕ್ಕಿತೆಂದು ಹೋಗಬೇಡಿ. ಉಳಿದ ದುಡ್ಡು ಟ್ಯಾಕ್ಸಿಗೆ ಹೋಗುತ್ತದೆ, ಸಮಯವೂ ಹೋಗುತ್ತದೆ.

ಆಟೋ ವಿಷಯದಲ್ಲಿ ಇಲ್ಲಿನ ಪದ್ಧತಿಯೇ ಬೇರೆ. ಆಟೋಗಳು ಬಸ್ಸಿನ ಹಾಗೆ ಗೊತ್ತಾದ ರೂಟಿನಲ್ಲಿ ಓಡುತ್ತವೆ. ನಾಲ್ಕು ಜನ ಹಂಚಿಕೊಂಡು ಕೂರುತ್ತಾರೆ, ತಲೆಗೆ ಇಷ್ಟು ಎಂದು ದರ. ಹೋಟೆಲ್ ಬಾಗಿಲಿಗೆ ಬನ್ನಿ ಎಂದರೆ ಬರುವುದಿಲ್ಲ. ಚಿಲ್ಲರೆ ಕೈಯಲ್ಲೇ ಇರಲಿ. ‘ಖುಚ್ರೋ’ ಕೇಳಿದರೆಂದರೆ ಚಿಲ್ಲರೆ ಕೇಳುತ್ತಿದ್ದಾರೆ ಎಂದೇ ಅರ್ಥ, ದೊಡ್ಡ ನೋಟು ಕೊಟ್ಟರೆ ಮುಖ ಸಿಂಡರಿಸುತ್ತಾರೆ. ಹಳದಿ ಅಂಬಾಸಿಡರ್ ಟ್ಯಾಕ್ಸಿಗಳು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿವೆ. ಒಂದು ಸಲ ಹತ್ತಿ ನೋಡಿ, ಮೊದಲೇ ದರ ಮಾತಾಡಿ. ಟ್ರಾಮ್ ಕಥೆಯೂ ಅಷ್ಟೇ. 1873ರಲ್ಲಿ ಕುದುರೆ ಎಳೆಯುತ್ತಿದ್ದ ಕಾಲದಿಂದ ಬಂದದ್ದು, ಈಗ ಬೆರಳೆಣಿಕೆಯ ರೂಟುಗಳಿಗೆ ಇಳಿದಿದೆ. ಎಸ್‌ಪ್ಲನೇಡ್ ಡಿಪೋದಲ್ಲಿ ಕೇಳಿ, ಓಡುತ್ತಿದ್ದರೆ ಹತ್ತಿಬಿಡಿ. ಎಲ್ಲಿಗೆ ಹೋಗುತ್ತದೆ ಅನ್ನುವುದು ಮುಖ್ಯವಲ್ಲ.

ಜನರನ್ನು ‘ದಾದಾ’, ‘ದೀದಿ’ ಎಂದು ಕರೆಯಿರಿ. ಹಿಂದಿಯಲ್ಲಿ ಕೆಲಸ ನಡೆಯುತ್ತದೆ. ದಾರಿ ಕೇಳಿದರೆ ಇಬ್ಬರು ಮೂವರು ಸೇರಿ ಚರ್ಚೆ ಮಾಡಿಯೇ ಹೇಳುತ್ತಾರೆ. ಅವಸರ ಪಡಬೇಡಿ, ಕೊನೆಗೆ ಹೇಳುವ ದಾರಿ ಸರಿಯಾಗಿಯೇ ಇರುತ್ತದೆ.

ಹಂತ 3: ಶುಕ್ರವಾರ, ಇಂಡಿಯನ್ ಮ್ಯೂಸಿಯಂ

ಏಷ್ಯಾದ ಇತಿಹಾಸ, ಭಾಷೆಗಳನ್ನು ಅಧ್ಯಯನ ಮಾಡುವ ಏಷಿಯಾಟಿಕ್ ಸೊಸೈಟಿ ಎಂಬ ಸಂಸ್ಥೆಯವರು 1814ರಲ್ಲಿ ಶುರುಮಾಡಿದ ಮ್ಯೂಸಿಯಂ ಇದು, ದೇಶದಲ್ಲೇ ಹಳೆಯದು. ಈಗಿನ ಕಟ್ಟಡ ಜನರಿಗೆ ತೆರೆದದ್ದು 1878ರಲ್ಲಿ. ಟ್ಯಾಕ್ಸಿಯವರಿಗೆ ‘ಜಾದೂಘರ್’ ಎಂದರೆ ಬೇಗ ಗೊತ್ತಾಗುತ್ತದೆ.

ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ದುರಸ್ತಿಗೆಂದು ಕೆಲವು ಗ್ಯಾಲರಿ ಮುಚ್ಚಿರುವುದುಂಟು, ಯಾವುದು ತೆರೆದಿದೆ ಎಂದು ಟಿಕೆಟ್ ಕೊಡುವಲ್ಲೇ ಕೇಳಿಕೊಳ್ಳಿ. ಒಳಗೆ ಹೋದ ಮೇಲೆ ಎಲ್ಲರೂ ಓಡುವುದು ಈಜಿಪ್ಟಿನ ಮಮ್ಮಿ ಕಡೆಗೆ. ಓಡಲಿ ಬಿಡಿ, ಬೆಳಿಗ್ಗೆ ಬೇಗ ಬಂದವರು ನೀವು ಭಾರ್ಹುತ್ ಗ್ಯಾಲರಿಗೆ ಹೋಗಿ. ಆ ಹೊತ್ತಿಗೆ ಅಲ್ಲಿ ಜನ ಕಡಿಮೆ.

ಭಾರ್ಹುತ್ ಇರುವುದು ಮಧ್ಯಪ್ರದೇಶದ ಸತ್ನಾ ಜಿಲ್ಲೆಯಲ್ಲಿ. ಅಲ್ಲಿ ಕ್ರಿ.ಪೂ. 2ನೇ ಶತಮಾನದಲ್ಲಿ ಬೌದ್ಧ ಸ್ತೂಪದ ಸುತ್ತ ಕೆಂಪು ಮರಳುಗಲ್ಲಿನ ಬೇಲಿ ಕಟ್ಟಿದ್ದರು. 1873ರಲ್ಲಿ ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಇದನ್ನು ಕಾಣುವ ಹೊತ್ತಿಗೆ ಸುತ್ತಲ ಹಳ್ಳಿಯವರು ಸಾಕಷ್ಟು ಕಲ್ಲುಗಳನ್ನು ಮನೆ ಕಟ್ಟಲು ಒಯ್ದಾಗಿತ್ತು. ಉಳಿದದ್ದನ್ನು ಇಲ್ಲಿಗೆ ತಂದು ನಿಲ್ಲಿಸಿದರು. ಕಂಬಗಳ ಮೇಲಿನ ದುಂಡನೆಯ ಚಿತ್ರಗಳನ್ನು ಒಂದೊಂದಾಗಿ ನೋಡಿ. ಅವುಗಳಲ್ಲಿ ಜೇತವನದ ಚಿತ್ರ ಹುಡುಕಿ. ಕಥೆ ಇಷ್ಟು: ಅನಾಥಪಿಂಡಿಕ ಎಂಬ ವ್ಯಾಪಾರಿ ಬುದ್ಧನಿಗೆ ಒಂದು ತೋಟ ಕೊಡಬೇಕೆಂದುಕೊಳ್ಳುತ್ತಾನೆ. ತೋಟದ ಒಡೆಯ ಜೇತ ರಾಜಕುಮಾರ, ನೆಲ ಮುಚ್ಚುವಷ್ಟು ನಾಣ್ಯ ಹಾಸಿದರೆ ಕೊಡುತ್ತೇನೆ ಎನ್ನುತ್ತಾನೆ. ಇವನು ಹಾಸಿಯೇ ಬಿಡುತ್ತಾನೆ. ಚಿತ್ರದಲ್ಲಿ ಗಾಡಿಯ ನೊಗ ಕಳಚಿ ಎತ್ತುಗಳನ್ನು ಬಿಟ್ಟಿದ್ದಾರೆ. ಆಳುಗಳು ನಾಣ್ಯ ಇಳಿಸುತ್ತಿದ್ದಾರೆ. ಇಬ್ಬರು ಕೂತು ಚೌಕದ ನಾಣ್ಯಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿದ್ದಾರೆ. ಆ ಕಾಲದಲ್ಲಿ ಚೌಕದ ನಾಣ್ಯಗಳೂ ಇರುತ್ತಿದ್ದವು. ನಡುವೆ ಅನಾಥಪಿಂಡಿಕ ಧಾರೆ ಎರೆಯಲು ಗಿಂಡಿ ಹಿಡಿದು ನಿಂತಿದ್ದಾನೆ. ಕೆಳಗೆ ಬ್ರಾಹ್ಮಿ ಲಿಪಿಯಲ್ಲಿ ಇದು ಯಾವ ಪ್ರಸಂಗ ಎಂದು ಬರೆದೂ ಇಟ್ಟಿದ್ದಾರೆ.

ಇಷ್ಟು ನೋಡಿದ ಮೇಲೆ ಇನ್ನೊಂದು ಗಮನಿಸಿ. ಇಡೀ ಬೇಲಿಯಲ್ಲಿ ಬುದ್ಧನ ಮನುಷ್ಯ ರೂಪ ಎಲ್ಲೂ ಇಲ್ಲ. ಮರ, ಖಾಲಿ ಪೀಠ, ಚಕ್ರ, ಪಾದದ ಗುರುತು, ಅಷ್ಟರಲ್ಲೇ ಅವನು ಇದ್ದಾನೆಂದು ತಿಳಿಯಬೇಕು. ಅಲ್ಲಿಂದ ಎದ್ದು ಗಾಂಧಾರ ಶಿಲ್ಪಗಳ ಕಡೆ ಹೋದರೆ ಗುಂಗುರು ಕೂದಲು, ನೆರಿಗೆ ನೆರಿಗೆ ಬಟ್ಟೆಯ ಬುದ್ಧ ಎದುರು ನಿಲ್ಲುತ್ತಾನೆ. ಈ ಎರಡನ್ನೂ ಒಂದೇ ಬೆಳಿಗ್ಗೆ, ಇದೇ ಕ್ರಮದಲ್ಲಿ ನೋಡಿದರೆ ಟಿಕೆಟ್‌ನ ದುಡ್ಡು ಬಂದಂತೆಯೇ.

ಆಮೇಲೆ ಮಕ್ಕಳಿದ್ದರೆ ಶಿವಾಲಿಕ್ ಬೆಟ್ಟದ ಪಳೆಯುಳಿಕೆಗಳಿಗೆ ಕರೆದುಕೊಂಡು ಹೋಗಿ, ಹಳೆಯ ಆನೆ ಜಾತಿಯ ದಂತಗಳ ಉದ್ದ ನೋಡಿ ಬಾಯಿ ಬಿಡುತ್ತಾರೆ. ಮಮ್ಮಿಯನ್ನು ಕೊನೆಗೆ ಐದು ನಿಮಿಷ ನೋಡಿದರೆ ಸಾಕು. ಮೂರು ಗಂಟೆಗಿಂತ ಜಾಸ್ತಿ ಒಳಗೆ ಇರಬೇಡಿ. ಅದಾದ ಮೇಲೆ ಕಣ್ಣು ನೋಡುತ್ತದೆ, ತಲೆಗೆ ಹೋಗುವುದಿಲ್ಲ.

ಊಟ ಮುಗಿಸಿ ಮೂರು ಗಂಟೆ ಸುಮಾರಿಗೆ ಪಾರ್ಕ್ ಸ್ಟ್ರೀಟ್ ಉದ್ದಕ್ಕೂ ನಡೆಯಿರಿ. ಆ ತುದಿಯಲ್ಲಿ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನ ಇದೆ, 1767ರದ್ದು. ಸ್ಮಶಾನಕ್ಕೆ ಯಾರಾದರೂ ಟೂರ್ ಹೋಗುತ್ತಾರಾ ಎಂದು ಮನೆಯವರು ಕೇಳಬಹುದು. ಒಳಗೆ ಹೋದ ಮೇಲೆ ಅವರೇ ಹೊರಡಲು ಒಪ್ಪುವುದಿಲ್ಲ. ದೊಡ್ಡ ಮರಗಳ ನೆರಳಿನಲ್ಲಿ ಪಿರಮಿಡ್ ಆಕಾರದ, ಗುಮ್ಮಟದ ಆಕಾರದ ಗೋರಿಗಳು, ಪಾಚಿ ಹಿಡಿದ ಇಟ್ಟಿಗೆ. 1784ರಲ್ಲಿ ಏಷಿಯಾಟಿಕ್ ಸೊಸೈಟಿ ಕಟ್ಟಿದ ವಿಲಿಯಂ ಜೋನ್ಸ್ ಸಮಾಧಿ ಇಲ್ಲಿದೆ. ಬೆಳಿಗ್ಗೆ ನೋಡಿದ ಮ್ಯೂಸಿಯಂನ ಬೇರು ಇವರದೇ. ಚಾರ್ಲ್ಸ್ ಸ್ಟುವರ್ಟ್ ಎಂಬ ಸೈನ್ಯಾಧಿಕಾರಿಯ ಗೋರಿಯಂತೂ ಹಿಂದೂ ಗುಡಿಯ ಹಾಗಿದೆ. ಹಿಂದೂ ಆಚಾರಗಳನ್ನು ಮೆಚ್ಚಿ ‘ಹಿಂದೂ ಸ್ಟುವರ್ಟ್’ ಎಂದೇ ಹೆಸರಾದವರು. ಇಪ್ಪತ್ತೆರಡರ ವಯಸ್ಸಿಗೆ ತೀರಿಕೊಂಡ ಕವಿ, ಮೇಷ್ಟ್ರು ಡಿರೋಜಿಯೋ ಗೋರಿಯೂ ಇಲ್ಲೇ. ಸೊಳ್ಳೆ ಜಾಸ್ತಿ, ಮೈ ಮುಚ್ಚುವ ಬಟ್ಟೆ ಇರಲಿ. ಸಂಜೆ ಬೇಗ ಮುಚ್ಚುತ್ತಾರೆ.

ಸಂಜೆ 1874ರ ನ್ಯೂ ಮಾರ್ಕೆಟ್. ಕೊಳ್ಳಲು ಏನಿಲ್ಲದಿದ್ದರೂ ಒಳಗಿನ ಹಳೆಯ ಯಹೂದಿ ಬೇಕರಿ ನಹೂಮ್ಸ್‌ನಲ್ಲಿ ಒಂದು ಪ್ಲಮ್ ಕೇಕ್ ತುಂಡು ತಿನ್ನಿ. ಹಿಂದೆ ಬೀಳುವ ಏಜೆಂಟರಿಗೆ ‘ಬೇಡ’ ಎಂದು ಒಮ್ಮೆ ಹೇಳಿ ಮುಂದೆ ನಡೆಯಿರಿ. ಮಾತಿಗೆ ನಿಂತರೆ ಬಿಡುವುದಿಲ್ಲ.

ಹಂತ 4: ಶನಿವಾರ, ಉತ್ತರ ಕೋಲ್ಕತ್ತಾ

ಶೋಭಾಬಜಾರ್ ಸುತಾನುಟಿಯಲ್ಲಿ ಇಳಿದು ಕುಮೋರ್‌ಟುಲಿಗೆ ನಡೆಯಿರಿ. ಬಿದಿರು ಕಟ್ಟಿ, ಅದರ ಮೇಲೆ ಹುಲ್ಲು ಸುತ್ತಿ, ನದಿಯ ಜೇಡಿ ಮಣ್ಣು ಮೆತ್ತಿ ಮೂರ್ತಿ ಮಾಡುತ್ತಾರೆ. ಹಬ್ಬಕ್ಕೆ ಎರಡು ಮೂರು ತಿಂಗಳು ಮೊದಲು ಹೋದರೆ ಓಣಿ ತುಂಬ ತಲೆ ಇಲ್ಲದ ದುರ್ಗೆಯರು ಸಾಲಾಗಿ ನಿಂತಿರುತ್ತಾರೆ. ಚಳಿಗಾಲದಲ್ಲಿ ಹೋದರೆ ಸರಸ್ವತಿ ಮೂರ್ತಿಗಳು. ಅದು ಕೆಲಸದ ಜಾಗ. ಕೇಳಿ ಫೋಟೋ ತೆಗೆಯಿರಿ, ಹಸಿ ಮಣ್ಣಿಗೆ ಬ್ಯಾಗು ತಾಗಿಸಬೇಡಿ.

ಅಲ್ಲಿಂದ ಜೋರಾಸಾಂಕೋದ ಠಾಕೂರರ ಮನೆ. ರವೀಂದ್ರರು 1861ರಲ್ಲಿ ಹುಟ್ಟಿದ್ದೂ ಈ ಮನೆಯಲ್ಲಿ, 1941ರಲ್ಲಿ ತೀರಿಕೊಂಡಿದ್ದೂ ಈ ಮನೆಯಲ್ಲಿ. ಅವರು ಕೊನೆಯುಸಿರೆಳೆದ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು, ಒಳಗೆ ಫೋಟೋ ಇಲ್ಲ. ಜಪಾನ್, ಚೀನಾ ಪ್ರವಾಸಗಳಿಗೆ ಪ್ರತ್ಯೇಕ ಗ್ಯಾಲರಿಗಳಿವೆ. ನೊಬೆಲ್ ಪದಕ ಎಲ್ಲಿ ಎಂದು ಹುಡುಕಬೇಡಿ. ಅದು ಇದ್ದದ್ದು ಶಾಂತಿನಿಕೇತನದಲ್ಲಿ, 2004ರಲ್ಲಿ ಅಲ್ಲಿಂದಲೇ ಕಳುವಾಯಿತು.

ಹತ್ತಿರದಲ್ಲೇ 1835ರ ಮಾರ್ಬಲ್ ಪ್ಯಾಲೇಸ್ ಇದೆ. ಈಗಲೂ ಮಲ್ಲಿಕ್ ಮನೆತನದವರು ವಾಸವಿರುವ ಮನೆ, ಹಾಗಾಗಿ ಪ್ರವಾಸೋದ್ಯಮ ಇಲಾಖೆಯಿಂದ ಮೊದಲೇ ಪರವಾನಗಿ ಪಡೆದು ಹೋಗಬೇಕು. ಪರವಾನಗಿ ಸಿಕ್ಕರೆ ಸರಿ, ಇಲ್ಲದಿದ್ದರೆ ಅದಕ್ಕಾಗಿ ಅರ್ಧ ದಿನ ಕಳೆಯಬೇಡಿ.

ಮಧ್ಯಾಹ್ನದ ಮೇಲೆ ಕಾಲೇಜ್ ಸ್ಟ್ರೀಟ್. 1817ರಲ್ಲಿ ಹಿಂದೂ ಕಾಲೇಜಾಗಿ ಶುರುವಾದ ಪ್ರೆಸಿಡೆನ್ಸಿ ಇಲ್ಲಿದೆ, 1857ರ ಕಲ್ಕತ್ತಾ ವಿಶ್ವವಿದ್ಯಾಲಯ ಇಲ್ಲಿದೆ. ಅವುಗಳ ಕಾಂಪೌಂಡಿಗೆ ಆನಿಸಿ ಪುಸ್ತಕದ ಗೂಡಂಗಡಿಗಳು. ಬಹುಪಾಲು ಪರೀಕ್ಷೆ ಪುಸ್ತಕಗಳೇ, ಆದರೂ ಹಳೆಯ ಇಂಗ್ಲಿಷ್ ಪುಸ್ತಕ ಹುಡುಕುವವರಿಗೆ ಏನಾದರೂ ಸಿಗುತ್ತದೆ. ಹೆಸರು ಹೇಳಿದರೆ ಅಂಗಡಿಯವರು ಹುಡುಗನನ್ನು ಓಡಿಸಿ ಬೇರೆ ಅಂಗಡಿಯಿಂದಲಾದರೂ ತರಿಸುತ್ತಾರೆ. ಎದುರಿಗೆ ಮಹಡಿ ಮೇಲೆ ಕಾಫಿ ಹೌಸ್. ಎತ್ತರದ ಸಭಾಂಗಣ, ಮೇಲೆ ಸುತ್ತಲೂ ಬಾಲ್ಕನಿ, ತುರಾಯಿ ಪೇಟದ ಸಪ್ಲೈಯರ್‌ಗಳು. ಹಾಲಿಲ್ಲದ ಕಾಫಿಗೆ ಇಲ್ಲಿ ‘ಇನ್‌ಫ್ಯೂಷನ್’ ಎನ್ನುತ್ತಾರೆ. ಫಿಲ್ಟರ್ ಕಾಫಿ ಕುಡಿದು ಬೆಳೆದವರಿಗೆ ಕಾಫಿ ಅಷ್ಟಕ್ಕಷ್ಟೇ ಅನಿಸುತ್ತದೆ, ಹೇಳಿಬಿಡುತ್ತೇನೆ. ಅಲ್ಲಿಗೆ ಹೋಗುವುದು ಪಕ್ಕದ ಟೇಬಲಿನ ಹರಟೆ ಕೇಳಲು. ಅದು ಎಂದೂ ಮುಗಿಯುವುದಿಲ್ಲ.

ಹಂತ 5: ಊಟ-ತಿಂಡಿ

ಬೆಳಿಗ್ಗೆ ಹೋಟೆಲ್ ರೂಮಿನ ಬ್ರೆಡ್ಡು ಬೆಣ್ಣೆ ತಿನ್ನಬೇಡಿ. ಬೀದಿ ಮೂಲೆಯ ಮಿಠಾಯಿ ಅಂಗಡಿಯಲ್ಲೇ ತಿಂಡಿ ಇರುತ್ತದೆ: ಇಂಗು ಹಾಕಿದ ಕೊಚುರಿ, ಜೊತೆಗೆ ಆಲೂಗಡ್ಡೆ ಪಲ್ಯ ಇಲ್ಲವೇ ತೆಂಗಿನ ಚೂರು ಬಿದ್ದ ಕಡಲೆಬೇಳೆಯ ‘ಛೋಲಾರ್ ದಾಲ್’. ಮೇಲೆ ಒಂದು ಬಿಸಿ ಜಿಲೇಬಿ. ಒಂಬತ್ತರೊಳಗೆ ಹೋಗಿ, ತಡವಾದರೆ ಖಾಲಿ. ಚಹಾ ಮಣ್ಣಿನ ಪುಟ್ಟ ಕುಡಿಕೆಯಲ್ಲಿ ಕೊಡುತ್ತಾರೆ, ಕುಡಿದು ಬುಟ್ಟಿಗೆ ಎಸೆಯುವುದು.

ಸಸ್ಯಾಹಾರಿಗಳು ಒಂದು ಪದ ಕಲಿತುಹೋಗಿ: ‘ನಿರಾಮಿಷ್’. ಸುಮ್ನೆ ‘ವೆಜ್’ ಎಂದರೆ ಸಾಲದು. ಬೇಳೆಸಾರಿಗೆ ಮೀನಿನ ತಲೆ ಹಾಕುವ ಪದ್ಧತಿ ಇದೆ, ಸೊಪ್ಪಿನ ಪಲ್ಯಕ್ಕೆ ಸೀಗಡಿ ಬೀಳುವುದುಂಟು. ನಿರಾಮಿಷ್ ಎಂದರೆ ಮೀನು ಮಾಂಸವೂ ಇಲ್ಲ, ಸಾಮಾನ್ಯವಾಗಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಆಲೂ ಪೋಸ್ತೋ ತಪ್ಪದೆ ಕೇಳಿ. ನಾವು ಪಾಯಸಕ್ಕೆ ಅರೆಯುವ ಗಸಗಸೆಯನ್ನೇ ಇವರು ಆಲೂಗಡ್ಡೆಗೆ ಹಾಕಿ ಪಲ್ಯ ಮಾಡುತ್ತಾರೆ. ಬಾಳೆಹೂವಿನ ‘ಮೋಚಾರ್ ಘಂಟೋ’, ಕಡಲೆಬೇಳೆ ಅರೆದು ಕರಿದು ಗ್ರೇವಿಗೆ ಹಾಕಿದ ‘ಧೋಕಾರ್ ಡಾಲ್ನಾ’ ಕೂಡ ಒಳ್ಳೆಯವು. ಸಾಸಿವೆ ಎಣ್ಣೆಯ ಘಾಟು ಮೊದಲ ದಿನ ಮೂಗಿಗೆ ಹೊಡೆಯುತ್ತದೆ, ಎರಡನೇ ದಿನಕ್ಕೆ ಅಭ್ಯಾಸವಾಗುತ್ತದೆ.

ಬಂಗಾಳಿ ಊಟ ಉಣ್ಣಲು ಕ್ರಮವಿದೆ. ಎಲ್ಲವನ್ನೂ ಒಟ್ಟಿಗೆ ಕಲಸಬೇಡಿ. ಮೊದಲು ಹಾಗಲಕಾಯಿ ಬಿದ್ದ ಕಹಿ ‘ಶುಕ್ತೋ’ ಅನ್ನದ ಜೊತೆ. ಆಮೇಲೆ ಬೇಳೆ ಮತ್ತು ಕರಿದ ಬದನೆಕಾಯಿ. ನಂತರ ಪಲ್ಯ, ಮೀನು, ಮಾಂಸ. ಕೊನೆಗೆ ಸಿಹಿ ಚಟ್ನಿ ಹಪ್ಪಳ, ಆಮೇಲೆ ಮಿಷ್ಟಿ, ಅಂದರೆ ಸಿಹಿತಿಂಡಿ. ಇದನ್ನು ಕಲಿಯಲು ಒಳ್ಳೆಯ ಜಾಗ ‘ಪೈಸ್ ಹೋಟೆಲ್’ ಎಂಬ ಹಳೆಯ ಊಟದ ಮನೆಗಳು. ಬಾಳೆ ಎಲೆ ಊಟ, ಆ ದಿನದ ಅಡುಗೆ ಬೋರ್ಡಿನ ಮೇಲೆ ಬರೆದಿರುತ್ತದೆ, ಪ್ರತಿಯೊಂದಕ್ಕೂ ಬೇರೆ ಬೇರೆ ಲೆಕ್ಕ. ಎಲೆಗೂ ಕೆಲವು ಕಡೆ ಬೇರೆ ದುಡ್ಡು! ಬಿಲ್ ನೋಡಿ ಗಾಬರಿಯಾಗಬೇಡಿ, ಅದು ಮೋಸವಲ್ಲ, ಪದ್ಧತಿ. ಕಾಲೇಜ್ ಸ್ಟ್ರೀಟ್ ಸುತ್ತಮುತ್ತ ಮತ್ತು ನ್ಯೂ ಮಾರ್ಕೆಟ್ ಹಿಂದೆ ಇಂಥವು ಸಿಗುತ್ತವೆ.

ಮಾಂಸ ತಿನ್ನುವವರಿಗೆ ಎರಡು. ಒಂದು ಕಾಠಿ ರೋಲ್, ಶುರುವಾಗಿದ್ದು ನ್ಯೂ ಮಾರ್ಕೆಟ್ ಹತ್ತಿರದ ನಿಜಾಮ್ಸ್‌ನಲ್ಲಿ ಎಂಬುದು ಇಲ್ಲಿನವರ ಮಾತು. ಇನ್ನೊಂದು ಬಿರಿಯಾನಿ. ಅವಧದ ನವಾಬ ವಾಜಿದ್ ಅಲಿ ಶಾ ರಾಜ್ಯ ಕಳೆದುಕೊಂಡು 1856ರಲ್ಲಿ ಇಲ್ಲಿಗೆ ಬಂದರು, ಅಡುಗೆಯವರನ್ನೂ ಕರೆತಂದರು. ಇಲ್ಲಿನ ಬಿರಿಯಾನಿಯಲ್ಲಿ ಒಂದು ದೊಡ್ಡ ಆಲೂಗಡ್ಡೆ ಇರುತ್ತದೆ. ಮಾಂಸ ಉಳಿಸಲು ಹಾಕಿದರು ಎಂದು ಕೆಲವರು, ಆ ಕಾಲಕ್ಕೆ ಆಲೂಗಡ್ಡೆಯೇ ಹೊಸ ರುಚಿ ಎಂದು ಇನ್ನು ಕೆಲವರು. ಏನಾದರಾಗಲಿ, ತಟ್ಟೆಯಲ್ಲಿ ಮೊದಲು ಖಾಲಿಯಾಗುವುದು ಅದೇ.

ಸಂಜೆಗೆ ಫುಚ್ಕಾ. ನಮ್ಮ ಪಾನಿಪುರಿಯೇ, ಆದರೆ ಬಟಾಣಿ ರಗಡಾ ಇಲ್ಲ. ಎದುರಿಗೇ ಬೆಂದ ಆಲೂಗಡ್ಡೆಯನ್ನು ಕೈಯಲ್ಲಿ ಹಿಸುಕಿ, ಕಡಲೆಕಾಳು, ಹಸಿಮೆಣಸು, ಹುರಿದ ಜೀರಿಗೆ ಪುಡಿ, ಹುಣಸೆ ನೀರು ಹಾಕಿ ಕಲಸುತ್ತಾರೆ. ನಿಮ್ಮ ಕೈಗೆ ಎಲೆಯ ದೊನ್ನೆ ಕೊಟ್ಟು ಒಂದೊಂದಾಗಿ ಇಡುತ್ತಾ ಹೋಗುತ್ತಾರೆ. ಸುತ್ತ ನಿಂತ ಐದಾರು ಜನಕ್ಕೆ ಸರತಿಯ ಮೇಲೆ, ಯಾರಿಗೆ ಎಷ್ಟಾಯಿತು ಎಂಬ ಲೆಕ್ಕ ಅವರ ತಲೆಯಲ್ಲೇ. ದೊನ್ನೆ ಖಾಲಿ ಮಾಡದಿದ್ದರೆ ಸಾಲು ನಿಲ್ಲುತ್ತದೆ, ಬೇಗ ಬಾಯಿಗೆ ಹಾಕಿಕೊಳ್ಳಿ. ಕೊನೆಗೆ ನೀರಿಲ್ಲದ ಒಂದು ‘ಫಾವು’ ಕೇಳುವುದು ಗಿರಾಕಿಯ ಹಕ್ಕು, ಅದಕ್ಕೆ ದುಡ್ಡಿಲ್ಲ. ಹೊಟ್ಟೆ ಸೂಕ್ಷ್ಮ ಇರುವವರು ಹುಳಿ ನೀರು ಬಿಟ್ಟು ಒಣ ಫುಚ್ಕಾ ಕೇಳಿ, ಕೊಡುತ್ತಾರೆ.

ಹಂತ 6: ಭಾನುವಾರ, ಬ್ರಿಟಿಷರ ಕಲ್ಕತ್ತಾ

ಭಾನುವಾರ ಬೆಳಿಗ್ಗೆ ಏಳಕ್ಕೆ ಡಾಲ್‌ಹೌಸಿ ಚೌಕಕ್ಕೆ ಹೋಗಿ. ಮೆಟ್ರೋ ಇನ್ನೂ ಶುರುವಾಗಿರುವುದಿಲ್ಲ, ಟ್ಯಾಕ್ಸಿ ಹಿಡಿಯಿರಿ. ಈಗಿನ ಹೆಸರು ಬಿಬಿಡಿ ಬಾಗ್. ಉಳಿದ ದಿನ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆಫೀಸುಗಳ ಪೇಟೆ. ಭಾನುವಾರ ರಸ್ತೆ ನಡುವೆ ನಿಂತು ತಲೆ ಎತ್ತಿ ನೋಡಬಹುದು. ಕೆಂಪು ರೈಟರ್ಸ್ ಬಿಲ್ಡಿಂಗ್, 1868ರ ಬಿಳಿ ಗುಮ್ಮಟದ ಅಂಚೆ ಕಚೇರಿ. ಅಂಚೆ ಕಚೇರಿಯನ್ನೂ ಇಂಡಿಯನ್ ಮ್ಯೂಸಿಯಂ ಕಟ್ಟಡವನ್ನೂ ವಿನ್ಯಾಸ ಮಾಡಿದ್ದು ಒಬ್ಬರೇ, ವಾಲ್ಟರ್ ಗ್ರಾನ್‌ವಿಲ್. ಸ್ವಲ್ಪ ದೂರದ ಸೇಂಟ್ ಜಾನ್ಸ್ ಚರ್ಚಿನ ಅಂಗಳದಲ್ಲಿ, ಕಲ್ಕತ್ತಾ ಊರು ಶುರುಮಾಡಿದವನೆಂದು ಹೆಸರಾದ ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್ ಸಮಾಧಿ ಇದೆ.

ಹತ್ತಕ್ಕೆ ವಿಕ್ಟೋರಿಯಾ ಮೆಮೋರಿಯಲ್. 1906ರಲ್ಲಿ ಅಡಿಗಲ್ಲು, 1921ರಲ್ಲಿ ಉದ್ಘಾಟನೆ. ಕಟ್ಟುವ ನಡುವೆಯೇ, 1911ರಲ್ಲಿ, ರಾಜಧಾನಿಯನ್ನು ದೆಹಲಿಗೆ ಒಯ್ಯುವುದಾಗಿ ಘೋಷಿಸಿದರು. ಮುಗಿಯುವ ಹೊತ್ತಿಗೆ ಕಟ್ಟಿದವರ ಸರ್ಕಾರವೇ ಇಲ್ಲಿರಲಿಲ್ಲ. ಅಮೃತಶಿಲೆ ರಾಜಸ್ಥಾನದ ಮಕ್ರಾನಾದ್ದು. ಒಳಗೆ ರಷ್ಯಾದ ವೆರೆಶ್ಚಾಗಿನ್ ಬರೆದ ಚಿತ್ರ ನೋಡಿ, 1876ರಲ್ಲಿ ವೇಲ್ಸ್ ರಾಜಕುಮಾರ ಜೈಪುರಕ್ಕೆ ಆನೆ ಮೇಲೆ ಬಂದ ಮೆರವಣಿಗೆ. ಗೋಡೆಯಷ್ಟು ದೊಡ್ಡದು. ಇಂಗ್ಲಿಷ್ ಚಿತ್ರಕಾರರಾದ ಡ್ಯಾನಿಯಲ್ ಬಂಧುಗಳ ಹಳೆಯ ಕಲ್ಕತ್ತಾ ಚಿತ್ರಗಳನ್ನೂ ನೋಡಿ, ಬೆಳಿಗ್ಗೆ ತಿರುಗಿದ ಬೀದಿಗಳು ಆಗ ಹೇಗಿದ್ದವೆಂದು ಗೊತ್ತಾಗುತ್ತದೆ. ಪಕ್ಕದಲ್ಲೇ 1847ರ ಸೇಂಟ್ ಪಾಲ್ಸ್ ಕೆಥೆಡ್ರಲ್. ಪ್ರಾರ್ಥನೆ ಮುಗಿದ ಮೇಲೆ ಒಳಗೆ ಹೋಗಿ ಪಶ್ಚಿಮದ ಬಣ್ಣದ ಗಾಜು ನೋಡಿ.

ಊಟದ ಮೇಲೆ ಒಂದು ನಿಲ್ದಾಣ ಮುಂದೆ ನೇತಾಜಿ ಭವನ್. ನನ್ನ ಮಟ್ಟಿಗೆ ವಿಕ್ಟೋರಿಯಾಗಿಂತ ಈ ಮನೆ ಜಾಸ್ತಿ. ಗೃಹಬಂಧನದಲ್ಲಿದ್ದ ಸುಭಾಷರು 1941ರ ಜನವರಿ 16-17ರ ರಾತ್ರಿ ವೇಷ ಮರೆಸಿಕೊಂಡು ಇಲ್ಲಿಂದಲೇ ತಪ್ಪಿಸಿಕೊಂಡರು. ಕಾರು ಓಡಿಸಿದ್ದು ಅಣ್ಣನ ಮಗ ಶಿಶಿರ್ ಬೋಸ್. ಆ ವಾಂಡರರ್ ಕಾರು ಕೆಳಗೆ ನಿಂತಿದೆ. ಕೋಣೆಯಿಂದ ಹೊರಬಿದ್ದ ದಾರಿಗೆ ನೆಲದ ಮೇಲೆ ಹೆಜ್ಜೆ ಗುರುತು ಹಾಕಿದ್ದಾರೆ. ಒಂದು ಗಂಟೆ ಸಾಕು, ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಒಳಗಿರಿ.

ಹಂತ 7: ಸೋಮವಾರ, ನದಿ

ಬೆಳಿಗ್ಗೆ ಆರಕ್ಕೆ ಹೌರಾ ಸೇತುವೆಯ ಈ ಬದಿಯ ಮಲ್ಲಿಕ್ ಘಾಟ್ ಹೂವಿನ ಮಾರುಕಟ್ಟೆ. ಹಳೆಯ ಚಪ್ಪಲಿ ಹಾಕಿಕೊಂಡು ಹೋಗಿ, ಕೆಸರು. ತಲೆ ಮೇಲೆ ಚೆಂಡುಹೂವಿನ ಹೊರೆ ಹೊತ್ತವರು ನಿಲ್ಲುವುದಿಲ್ಲ, ದಾರಿ ಬಿಡಬೇಕಾದವರು ನೀವೇ. ಆಮೇಲೆ ಸೇತುವೆ ಮೇಲೆ ನಡೆಯಿರಿ. 1943ರದ್ದು, ಸುಮಾರು 26,500 ಟನ್ ಉಕ್ಕು, ನಟ್ಟು ಬೋಲ್ಟಿಲ್ಲದೆ ರಿವೆಟ್ ಹೊಡೆದೇ ಜೋಡಿಸಿದ್ದು. ನದಿ ನಡುವೆ ಒಂದು ಕಂಬವೂ ಇಲ್ಲ. ಇಷ್ಟೆಲ್ಲ ಗಟ್ಟಿ ಸೇತುವೆಗೆ ತೊಂದರೆ ಕೊಟ್ಟಿದ್ದು ಪಾನ್ ಉಗುಳು! ಉಕ್ಕಿನ ಬುಡ ತುಕ್ಕು ತಿಂದು, ಕೊನೆಗೆ ಫೈಬರ್ ಗಾಜಿನ ಕವಚ ಹಾಕಬೇಕಾಯಿತು. ವಾಪಸ್ ಬರಲು ಹೌರಾದಿಂದ ಲಾಂಚ್ ಹತ್ತಿ. ಸೇತುವೆ ಪೂರ್ತಿ ಕಾಣುವುದು ನೀರಿನ ಮೇಲಿಂದಲೇ, ಟಿಕೆಟ್ ಒಂದು ಕಪ್ ಕಾಫಿ ದುಡ್ಡಿಗಿಂತ ಕಡಿಮೆ.

ಮಧ್ಯಾಹ್ನ ದಕ್ಷಿಣೇಶ್ವರವೂ, ನದಿಯಾಚೆ ಇರುವ ರಾಮಕೃಷ್ಣ ಮಿಷನ್‌ನ ಬೇಲೂರು ಮಠವೂ (ನಮ್ಮ ಹಾಸನದ ಬೇಲೂರಲ್ಲ) ಬಾಗಿಲು ಹಾಕುತ್ತವೆ. ಅದಕ್ಕೆ ಮಲಗಿ ಎದ್ದು ಮೂರೂವರೆ ಹೊತ್ತಿಗೆ ದಕ್ಷಿಣೇಶ್ವರ ತಲುಪಿ. ರಾಣಿ ರಾಶ್‌ಮೋಣಿ 1855ರಲ್ಲಿ ಕಟ್ಟಿಸಿದ ದೇವಸ್ಥಾನ, ರಾಮಕೃಷ್ಣರು ಪೂಜೆ ಮಾಡುತ್ತಿದ್ದದ್ದು ಇಲ್ಲೇ. ಅಂಗಳದ ಮೂಲೆಯಲ್ಲಿ ಅವರ ಕೋಣೆ ಇದೆ. ಘಾಟಿನಿಂದ ಬೇಲೂರಿಗೆ ನೇರ ಲಾಂಚ್. ವಿವೇಕಾನಂದರು 1902ರಲ್ಲಿ ದೇಹ ಬಿಟ್ಟ ಕೋಣೆ ಅಲ್ಲಿದೆ. ಸಂಜೆಯ ಆರತಿಗೆ ಕೂತುಕೊಳ್ಳಿ. ವಾಪಸ್ ಲಾಂಚ್ ಎಷ್ಟು ಹೊತ್ತಿಗೆ ಎಂದು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ, ತಪ್ಪಿದರೆ ರಸ್ತೆ ದಾರಿ ಸುತ್ತು.

ಹಂತ 8: ಸಿಹಿ ಕಟ್ಟಿಸಿಕೊಳ್ಳುವುದು

ಮೊದಲ ದಿನವೇ ಡಬ್ಬಿ ತುಂಬಿಸಬೇಡಿ, ಹಾಳಾಗುತ್ತದೆ. ಹೊರಡುವ ದಿನ ಕೊಳ್ಳಿ. ರಸಗುಲ್ಲಾ 1868ರಲ್ಲಿ ಬಾಗ್‌ಬಜಾರಿನ ನವೀನ್ ಚಂದ್ರ ದಾಸರ ಕೈಯಲ್ಲಿ ಹುಟ್ಟಿತು ಎಂದು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಒಡಿಶಾದವರು ಒಪ್ಪುವುದಿಲ್ಲ, ಆ ಜಗಳಕ್ಕೆ ನಾವು ಹೋಗುವುದು ಬೇಡ. ಅದನ್ನು ಅಂಗಡಿಯಲ್ಲೇ ಬೆಚ್ಚಗೆ ತಿನ್ನಿ. ಊರಿಗೆ ಬೇಕೆಂದರೆ ಟಿನ್ ಡಬ್ಬಿಯದ್ದು, ಪಾಕ ಇರುವುದರಿಂದ ವಿಮಾನದಲ್ಲಿ ಕೈಚೀಲಕ್ಕೆ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿಗೆ ಹಾಕಿ. ಸಿಹಿ ಮೊಸರು ‘ಮಿಷ್ಟಿ ದೋಯಿ’ಯ ಕುಡಿಕೆಯಂತೂ ದಾರಿಗೆ ಬೇಡವೇ ಬೇಡ.

ಒಯ್ಯಲು ಒಳ್ಳೆಯದು ಒಡೆದ ಹಾಲಿನಿಂದ ಮಾಡುವ ಸಿಹಿ ‘ಸಂದೇಶ್’. ಕೇಳುವಾಗ ‘ಕಡಾಪಾಕ್’ ಎನ್ನಿ, ಗಟ್ಟಿ ಪಾಕದ್ದು, ಎರಡು ಮೂರು ದಿನ ತಡೆಯುತ್ತದೆ. ‘ನರಮ್‌ಪಾಕ್’ ಮೆತ್ತಗಿನದು, ಅಂದೇ ತಿನ್ನಬೇಕು. ಚಳಿಗಾಲದಲ್ಲಿ ಹೋದವರು ‘ನೋಲೆನ್ ಗುಡ್’ ಸಂದೇಶ್ ಕೇಳಿ. ಈಚಲು ಮರದ ರಸದಿಂದ ಕಾಯಿಸಿದ ಹೊಸ ಬೆಲ್ಲ ಅದು, ಹೊಗೆಯ ವಾಸನೆ ಇರುತ್ತದೆ, ಚಳಿ ಹೋದ ಮೇಲೆ ತಾಜಾದ್ದು ಸಿಗುವುದಿಲ್ಲ. ಉತ್ತರ ಕೋಲ್ಕತ್ತಾದ ಗಿರೀಶ್ ಚಂದ್ರ ದೇ ಮತ್ತು ನಕುಡ್ ಚಂದ್ರ ನಂದಿ ಅಂಗಡಿ, ಬಹುಬಜಾರಿನ ಭೀಮ್ ನಾಗ್ ಎರಡೂ ಹಳೆಯವು. ಕಟ್ಟಿಸುವ ಮೊದಲು ಒಂದೊಂದು ರುಚಿ ನೋಡಿ, ಆಮೇಲೆ ಡಬ್ಬಿಗೆ ಹೇಳಿ. ಪ್ರಯಾಣ ದೂರ ಎಂದರೆ ಅವರೇ ಪೇಪರ್ ಸುತ್ತಿ ದಾರ ಬಿಗಿದು ಕೊಡುತ್ತಾರೆ.